ಹಿನ್ನೀರಿನ ದಡ, ಒಂದು ಟೆಂಟು, ಎರಡು ನಾಯಿ

ನಮ್ಮ ಹಾಸನಕ್ಕೆ ಸಮುದ್ರ ಇಲ್ಲ. ಆದರೆ ಹೇಮಾವತಿ ಹಿನ್ನೀರು ಇದೆ. ಗೊರೂರು ಅಣೆಕಟ್ಟು ತುಂಬಿದಾಗ ಅಲ್ಲಿ 37 ಟಿಎಂಸಿ ನೀರು ನಿಲ್ಲುತ್ತದೆ. ದಿಣ್ಣೆ, ತಗ್ಗು, ಹೊಲಗಳ ನಡುವೆ ನೀರು ಎಲ್ಲೆಲ್ಲೋ ನುಗ್ಗಿ ಹರಡಿಕೊಳ್ಳುತ್ತದೆ. ಡಿಸೆಂಬರ್ ಕಳೆದು ನೀರು ಇಳಿಯುತ್ತಾ ಹೋದಂತೆ ದಡದಲ್ಲಿ ಎಳೆ ಹುಲ್ಲು ಬರುತ್ತದೆ. ಜನವರಿ, ಫೆಬ್ರವರಿಯ ವಾರಾಂತ್ಯಗಳಲ್ಲಿ ನಾನು, ನನ್ನ ಹೆಂಡತಿ, ಕರಿಯ ಮತ್ತು ಚಿನ್ನಿ ಆ ಹುಲ್ಲಿನ ಪಕ್ಕ ಟೆಂಟ್ ಹಾಕಿ ಮಲಗುತ್ತೇವೆ. ಎಷ್ಟೋ ವರ್ಷದಿಂದ ಇದು ನಮ್ಮ ಅಭ್ಯಾಸ.

ಕರಿಯ ನಾಟಿ ನಾಯಿ. ನೀರು ಕಂಡರೆ ದೂರ ನಿಲ್ಲುತ್ತಾನೆ, ಆದರೆ ಕಿವಿ ಮಾತ್ರ ಯಾವಾಗಲೂ ಎಚ್ಚರ. ಚಿನ್ನಿ ಲ್ಯಾಬ್ರಡಾರ್. ನೀರು ಕಂಡರೆ ಹಾರುತ್ತಾಳೆ, ನೆಲದ ಮೇಲೆ ಏನೇ ಬಿದ್ದಿದ್ದರೂ ಬಾಯಿಗೆ ಹಾಕಿಕೊಳ್ಳುತ್ತಾಳೆ. ಇಬ್ಬರನ್ನೂ ಕರೆದುಕೊಂಡು ಹೋಗಬೇಕು ಅಂದರೆ ಜಾಗವನ್ನು ನಾಯಿಯ ಲೆಕ್ಕದಲ್ಲೇ ಆರಿಸಬೇಕು. ನೋಟ ಚೆನ್ನಾಗಿದೆಯಾ, ಸೂರ್ಯಾಸ್ತ ಕಾಣುತ್ತಾ ಅನ್ನೋದೆಲ್ಲ ಆಮೇಲೆ.

ಮೊದಲು ಎಲ್ಲಿ ಹೋಗಬಾರದು ಅನ್ನೋದನ್ನು ಹೇಳುತ್ತೇನೆ. ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರು ಎಷ್ಟು ಚೆಂದ ಇದ್ದರೂ ಅದರ ಒಂದು ಬದಿ ಪೂರ್ತಿ ಹುಲಿ ಮೀಸಲು ಕಾಡು. ಅಲ್ಲಿಗೂ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಸಾಕುನಾಯಿ ಕರೆದುಕೊಂಡು ಹೋಗುವ ಹಾಗಿಲ್ಲ. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ನಾಯಿಗಳಿಂದ ಡಿಸ್ಟೆಂಪರ್, ಪಾರ್ವೋ ತರಹದ ಕಾಯಿಲೆ ಕಾಡಿನ ಸೀಳುನಾಯಿಗಳಿಗೆ ಹರಡುತ್ತದೆ. ಡಿಸ್ಟೆಂಪರ್ ಹುಲಿಗೂ ಬರುತ್ತದೆ. ನಮ್ಮ ಒಂದು ರಾತ್ರಿಯ ಖುಷಿಗೆ ಅವುಗಳ ಜೀವ ಯಾಕೆ ಪಣಕ್ಕಿಡಬೇಕು?

ಇನ್ನೊಂದು ಆನೆ. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿ ಈಗ ವರ್ಷವಿಡೀ ಆನೆ ಓಡಾಡುತ್ತವೆ. ನಾಯಿ ಇಲ್ಲದೆ ಹೋದವರಿಗಿಂತ ನಾಯಿ ಜೊತೆ ಹೋದವರಿಗೆ ಅಪಾಯ ಜಾಸ್ತಿ. ನಾಯಿ ಆನೆ ಕಂಡರೆ ಬೊಗಳುತ್ತಾ ಮುಂದೆ ಹೋಗುತ್ತದೆ. ಆನೆ ತಿರುಗಿತು ಅಂದರೆ ಹೆದರಿ ಸೀದಾ ಯಜಮಾನನ ಹತ್ತಿರ ಓಡಿ ಬರುತ್ತದೆ. ಹಿಂದೆ ಆನೆಯೂ ಬರುತ್ತದೆ. ಹಾಗಾಗಿ ಆನೆ ಓಡಾಡುವ ಊರಲ್ಲಿ ನಾಯಿ ಜೊತೆ ನಾವು ಟೆಂಟ್ ಹಾಕೋದೇ ಇಲ್ಲ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ. ಅದನ್ನೂ ನೋಡುತ್ತೇವೆ, ಊರಿನವರನ್ನೂ ಕೇಳುತ್ತೇವೆ. ಊರಿನವರ ಮಾತೇ ಹೆಚ್ಚು ನಂಬಿಕೆಗೆ ಅರ್ಹ.

ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಹಾಕಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ, ಮಳೆಗಾಲದಲ್ಲಿ ಅರ್ಧ ಮುಳುಗುವ ಹಳೇ ಕಟ್ಟಡ ಅದು. ಕಲ್ಲು ಸಡಿಲ ಆಗಿವೆ. ಸುತ್ತ ಒಡೆದ ಬಾಟಲಿ ಚೂರು ಬಿದ್ದಿರುತ್ತವೆ, ನಾಯಿಯ ಪಾದ ಸೀಳುತ್ತದೆ. ಹಗಲು ಹೋಗಿ ನೋಡಿ ಬನ್ನಿ, ಸಾಕು.

ನಾವು ಹೋಗೋದು ಪರಿಚಯದ ರೈತರೊಬ್ಬರ ಹೊಲಕ್ಕೆ. ಮೂರು ಕಡೆ ಬೇಲಿ, ಒಂದು ಕಡೆ ನೀರು. ಅನುಮತಿ ಇದೆ, ಮನೆ ಕೂಗಳತೆಯಲ್ಲಿದೆ. ನಾಯಿ ಜೊತೆ ಹೊರಗೆ ಮಲಗುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸಂಜೆ ಕತ್ತಲಲ್ಲಿ ಹೋಗಿ ಇಳಿಯಬಾರದು, ಮಧ್ಯಾಹ್ನವೇ ಹೋಗಬೇಕು. ಊರಿನ ನಾಯಿಗಳಿಗೆ ಅದು ಅವರ ಜಾಗ. ನಾವು ನಮ್ಮ ನಾಯಿಗಳನ್ನು ಕಾರಿಂದ ಇಳಿಸುವ ಮೊದಲು ಆ ಮನೆಯ ನಾಯಿಗಳನ್ನು ಕಟ್ಟಲು ಹೇಳುತ್ತೇವೆ. ಆಮೇಲೆ ಒಂದೊಂದನ್ನೇ ಹಗ್ಗ ಹಿಡಿದು ಬೇಲಿ ಪಕ್ಕ ನಡೆಸುತ್ತೇವೆ. ಮೂಸಿ, ಗುರುಗುಟ್ಟಿ, ಉಚ್ಚೆ ಹೊಯ್ದು ಮುಗಿಸಲಿ. ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ರಾತ್ರಿಯೆಲ್ಲ ಜಗಳ ಇರುವುದಿಲ್ಲ. ದಡದಲ್ಲಿ ದನ, ಕುರಿ ಮೇಯಿಸುವವರಿಗೂ ಒಂದು ಮಾತು ಹೇಳಿಬಿಡುತ್ತೇವೆ.

ಹಗ್ಗದ ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಕಾಡುಹಂದಿಗೆ ಅಂತ ಕ್ಲಚ್ ವೈರಿನ ಉರುಲು ಇಟ್ಟಿರುತ್ತಾರೆ. ಕೆಲವು ಕಡೆ ಸಿಡಿಮದ್ದಿನ ಉಂಡೆಯನ್ನೂ ಇಡುತ್ತಾರೆ. ನಾಯಿ ಕಚ್ಚಿದರೆ ದವಡೆಯೇ ಹೋಗುತ್ತದೆ. ಸೋಲಾರ್ ಬೇಲಿ ತಾಗಿದ ನಾಯಿ ಗಾಬರಿಯಿಂದ ಎಲ್ಲಿಗೆ ಓಡುತ್ತದೆ ಅಂತ ಹೇಳೋಕಾಗಲ್ಲ. ಶುಂಠಿ, ಆಲೂಗಡ್ಡೆ ಹೊಲದ ಕಾಲುವೆಗಳಲ್ಲಿ ನಿಂತ ನೀರಿನಲ್ಲಿ ಬೆಳೆಗೆ ಹೊಡೆದ ಔಷಧಿ ಇರುತ್ತದೆ. ಆದ್ದರಿಂದ ನಮ್ಮ ನಾಯಿಗಳು ಎಷ್ಟೇ ಮಾತು ಕೇಳಿದರೂ ಎದೆಗೆ ಹಾಕುವ ಹಾರ್ನೆಸ್ ಪಟ್ಟಿಗೆ ಹತ್ತು ಮೀಟರ್ ಹಗ್ಗ ಕಟ್ಟಿಯೇ ಬಿಡುತ್ತೇವೆ. ಕುತ್ತಿಗೆ ಪಟ್ಟಿಗೆ ಉದ್ದ ಹಗ್ಗ ಕಟ್ಟಬೇಡಿ. ಓಡಿ ಹಗ್ಗ ಬಿಗಿದಾಗ ಕುತ್ತಿಗೆಗೆ ಪೆಟ್ಟು ಬೀಳುತ್ತದೆ.

ಈಗ ರಾತ್ರಿ. ಮೊದಲ ಸಲ ಹೋದಾಗ ಹೊಲದ ಯಜಮಾನರು ಒಂದೇ ಮಾತು ಹೇಳಿದರು: "ನಾಯಿ ಹೊರಗೆ ಕಟ್ಟಬೇಡಿ ಸಾರ್, ಕಿರುಬ ಓಡಾಡುತ್ತೆ." ಕಿರುಬ ಅಂದರೆ ನಮ್ಮ ಕಡೆ ಚಿರತೆ. ಹಾಸನ, ಚಿಕ್ಕಮಗಳೂರಿನ ಊರುಗಳಲ್ಲಿ ಚಿರತೆಗೆ ನಾಯಿ ಸುಲಭದ ಊಟ. ಕಟ್ಟಿ ಹಾಕಿದ ನಾಯಿ ಅಂದರೆ ಇನ್ನೂ ಸುಲಭ, ಪಾಪ, ಓಡೋಕೂ ಆಗಲ್ಲ. ಬೆಂಕಿ ಹಾಕಿದರೆ ಬರಲ್ಲ ಅನ್ನೋದನ್ನು ನಂಬಿ ನಾಯಿಯನ್ನು ಹೊರಗೆ ಬಿಡಬೇಡಿ. ಕತ್ತಲಾದ ಮೇಲೆ ನಾಯಿ ಟೆಂಟಿನ ಒಳಗೇ ಇರಬೇಕು. ಟೆಂಟಿನ ಬಟ್ಟೆ ಚಿರತೆಯನ್ನು ತಡೆಯುವ ಗೋಡೆ ಅಲ್ಲ, ನಿಜ. ಆದರೆ ಮನುಷ್ಯರ ಮಗ್ಗುಲಲ್ಲಿ ಮಲಗಿರುವ ನಾಯಿಗೂ ಹೊರಗೆ ಒಂಟಿಯಾಗಿ ಕಟ್ಟಿರುವ ನಾಯಿಗೂ ತುಂಬಾ ವ್ಯತ್ಯಾಸ ಇದೆ. ಆ ಊರಲ್ಲಿ ಆ ವಾರ ಚಿರತೆ ಕಂಡಿದೆ ಅಂತ ಯಾರಾದರೂ ಹೇಳಿದರೆ ನಾವು ಟೆಂಟ್ ಹಾಕುವುದೇ ಇಲ್ಲ, ಅವರ ಮನೆ ಜಗಲಿಯ ಕೋಣೆಯಲ್ಲಿ ಮಲಗುತ್ತೇವೆ ಅಥವಾ ವಾಪಸ್ ಬರುತ್ತೇವೆ.

ಇದಕ್ಕೆ ಟೆಂಟ್ ದೊಡ್ಡದಿರಬೇಕು. ಇಬ್ಬರು ಮನುಷ್ಯರು, ಎರಡು ನಾಯಿಗೆ ನಾವು ನಾಲ್ಕು ಜನರ ಟೆಂಟ್ ಬಳಸುತ್ತೇವೆ. ಉಗುರಿಗೆ ಟೆಂಟಿನ ತಳ ಹರಿಯುತ್ತದೆ, ಅದಕ್ಕೆ ಒಳಗೆ ಒಂದು ಟಾರ್ಪಾಲು, ಅದರ ಮೇಲೆ ಹಳೇ ಜಮಖಾನ. ನಾಯಿ ಮಲಗುವ ಜಾಗಕ್ಕೆ ಗೋಣಿಚೀಲ, ಮೇಲೆ ಕಂಬಳಿ. ಜನವರಿಯಲ್ಲಿ ನೀರಿನ ಪಕ್ಕ ಇಬ್ಬನಿ ಜೋರು, ನೆಲದ ಥಂಡಿ ಸೀದಾ ಹೊಟ್ಟೆಗೆ ಏರುತ್ತದೆ. ಹೊರಡುವ ಮೊದಲು ಮನೆಯ ತಾರಸಿ ಮೇಲೆ ಟೆಂಟ್ ಹಾಕಿ ಅದರಲ್ಲೇ ಊಟ ಕೊಡುತ್ತಿದ್ದೆವು. ಜಿಪ್ಪಿನ ಸದ್ದಿಗೆ, ಅಲುಗುವ ಬಟ್ಟೆಗೆ ಹೊಂದಿಕೊಂಡಿದ್ದು ಹಾಗೆ. ಊಟ ಸೂರ್ಯ ಮುಳುಗುವ ಮೊದಲೇ. ಕತ್ತಲಾಗುವಾಗ ಒಮ್ಮೆ ಟಾರ್ಚ್ ಹಿಡಿದು, ಹಗ್ಗ ಹಿಡಿದು ಸುತ್ತು ಹಾಕಿಸಿ ಒಳಗೆ ಕರೆಯುತ್ತೇವೆ. ಮೂಳೆ, ಅನ್ನ ಏನೂ ಹೊರಗೆ ಉಳಿಸುವುದಿಲ್ಲ.

ಕರಿಯ ಮೊದಲ ರಾತ್ರಿ ಟಿಟ್ಟಿಭ ಹಕ್ಕಿ ಕೂಗಿದಾಗಲೆಲ್ಲ ಬೊಗಳಿದ. ನರಿ ಊಳಿಟ್ಟಾಗಂತೂ ಎದ್ದೇ ನಿಂತ. ಬೈಯಲಿಲ್ಲ. ಎದೆ ಮೇಲೆ ಕೈ ಇಟ್ಟು ಮೆಲ್ಲಗೆ ಮಾತಾಡಿಸಿದೆ. ಈಗ ಒಮ್ಮೆ ಕಿವಿ ಎತ್ತಿ, ನನ್ನ ಮುಖ ನೋಡಿ, ಮತ್ತೆ ಮಲಗುತ್ತಾನೆ. ಅವನು ಮಲಗದೇ ಗುರುಗುಟ್ಟುತ್ತಲೇ ಇದ್ದರೆ ನಾನೂ ಮಲಗುವುದಿಲ್ಲ, ಟಾರ್ಚ್ ಹಾಕಿ ಕೂರುತ್ತೇನೆ. ಅವನ ಕಿವಿ ಮೇಲೆ ನನಗೆ ಅಷ್ಟು ನಂಬಿಕೆ.

ಹಿನ್ನೀರು ಕೆರೆಯ ಹಾಗಲ್ಲ. ಮೇಲೆ ಶಾಂತವಾಗಿ ಕಾಣುತ್ತದೆ, ಕೆಳಗೆ ಹೂಳು, ಮುಳುಗಿದ ಮರದ ಬೊಡ್ಡೆ, ಹಳೇ ಬೇಲಿ ತಂತಿ ಎಲ್ಲ ಇರುತ್ತವೆ. ನೀರು ಇಳಿದ ಹೊಸ ದಡ ಒಣಗಿದ ಹಾಗೆ ಕಂಡರೂ ಕಾಲಿಟ್ಟರೆ ಹೂತುಹೋಗುತ್ತದೆ. ಚಿನ್ನಿ ಈಜುವ ಜಾಗದಲ್ಲಿ ಮೊದಲು ನಾನು ಕೋಲು ಹಿಡಿದು ಇಳಿದು ನೋಡುತ್ತೇನೆ. ಆಮೇಲೆ ಅವಳಿಗೆ ಲೈಫ್ ಜಾಕೆಟ್. ಲ್ಯಾಬ್ರಡಾರ್‌ಗೆ ಯಾಕೆ ಜಾಕೆಟ್ ಅಂತ ನಗುತ್ತಾರೆ. ಆದರೆ ಸುಸ್ತಾಯಿತು ಅಂತ ತಿಳಿಯುವಷ್ಟರಲ್ಲಿ ಅವಳು ದೂರ ಹೋಗಿರುತ್ತಾಳೆ. ಜಾಕೆಟ್ಟಿನ ಬೆನ್ನಿನ ಹಿಡಿ ಹಿಡಿದು ಎತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ಹಸಿರು ಪಾಚಿ ಕಟ್ಟಿದ್ದರೆ ಇಳಿಸುವುದೇ ಇಲ್ಲ. ಅದರಲ್ಲಿ ಕೆಲವು ಬಗೆಯವು ನಾಯಿಗೆ ವಿಷ.

ಎಲ್ಲಕ್ಕಿಂತ ನನಗೆ ಹೆದರಿಕೆ ಗಾಳದ್ದು. ಮೀನು ಹಿಡಿಯುವವರು ಕಡಿದು ಎಸೆದ ದಾರ, ಕೊಕ್ಕೆ, ಅದರ ತುದಿಯಲ್ಲಿ ಒಣಗಿದ ಎರೆ. ನಾಯಿಗೆ ಅದರ ವಾಸನೆ ಗೊತ್ತಾಗುತ್ತದೆ, ನಮಗೆ ಕಾಣುವುದಿಲ್ಲ. ಒಮ್ಮೆ ಚಿನ್ನಿಯ ತುಟಿಗೆ ಕೊಕ್ಕೆ ಚುಚ್ಚಿಕೊಂಡಿತು. ಹಿಂದಕ್ಕೆ ಎಳೆದರೆ ಕೊಕ್ಕೆಯ ಮುಳ್ಳು ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಅವಳು ಕಾಲಲ್ಲಿ ಕೆರೆದುಕೊಳ್ಳದ ಹಾಗೆ ಹೆಂಡತಿ ಅಪ್ಪಿ ಹಿಡಿದು, ಹಾಸನಕ್ಕೆ ವಾಪಸ್ ತಂದೆವು. ಡಾಕ್ಟರ್ ಮಂಪರು ಇಂಜೆಕ್ಷನ್ ಕೊಟ್ಟು, ಮುಳ್ಳನ್ನು ಮುಂದಕ್ಕೆ ತಳ್ಳಿ, ಕತ್ತರಿಸಿ ತೆಗೆದರು. ಕೊಕ್ಕೆ ನುಂಗಿ ದಾರ ಬಾಯಿಂದ ನೇತಾಡುತ್ತಿದ್ದರೆ ಅದನ್ನು ಎಳೆಯಲೇಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ. ಸರ್ಕಾರದ ಪಶು ಸಹಾಯವಾಣಿ 1962 ಕೂಡ ಫೋನಿನಲ್ಲಿ ಇಟ್ಟುಕೊಂಡಿರಿ. ಈಗ ಟೆಂಟ್ ಹಾಕುವ ಮೊದಲು ನಾವಿಬ್ಬರೂ ದಡದ ಉದ್ದಕ್ಕೆ ನಡೆದು ದಾರ, ಕೊಕ್ಕೆ, ಬಲೆ ಚೂರು ಆರಿಸಿ ಡಬ್ಬಕ್ಕೆ ಹಾಕುತ್ತೇವೆ. ಪ್ರತಿ ಸಲವೂ ಸಿಗುತ್ತದೆ.

ಇದೇ ನೀರು ಹಾಸನ ನಗರದ ನಲ್ಲಿಗೂ ಬರುತ್ತದೆ. ಆದ್ದರಿಂದ ನಾಯಿಯ ಕಕ್ಕ ಕವರಿಗೆ ಹಾಕಿ ಮನೆಗೆ ತರುತ್ತೇವೆ. ನೀರಲ್ಲಿ ಶಾಂಪೂ ಹಚ್ಚಿ ತೊಳೆಯುವುದಿಲ್ಲ.

ಊಟಕ್ಕೆ ಮನೆಯಿಂದಲೇ ಅನ್ನ, ಕೋಳಿ ಬೇಯಿಸಿ ಒಯ್ಯುತ್ತೇವೆ. ನಮ್ಮ ಸಾರು ಕೊಡುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ನಮ್ಮ ಜಿಲ್ಲೆಗಳಲ್ಲಿ ಒಂದು ವಿಶೇಷ ಎಚ್ಚರ ಬೇಕು, ಅದು ಕಾಫಿ. ಚಿಕ್ಕಮಗಳೂರಿನ ಎಸ್ಟೇಟ್‌ಗಳಲ್ಲಿ ಈಗ ನಾಯಿ ಜೊತೆ ಉಳಿಯಲು ಬಿಡುತ್ತಾರೆ. ಕೊಯ್ಲು ಇರುವ ತಿಂಗಳುಗಳಲ್ಲಿ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ. ಸಿಹಿ ವಾಸನೆಗೆ ಚಿನ್ನಿಯಂಥ ನಾಯಿ ಬಾಯಿ ಹಾಕಿಯೇ ಹಾಕುತ್ತದೆ. ಬೀಜದಲ್ಲಿರುವ ಕೆಫೀನ್ ನಾಯಿಗೆ ವಿಷ. ಎದೆ ಹೊಡೆದುಕೊಳ್ಳುತ್ತದೆ, ನಡುಕ ಬರುತ್ತದೆ, ಜಾಸ್ತಿ ತಿಂದರೆ ಫಿಟ್ಸ್ ಬರುತ್ತದೆ. ಕಣದ ಹತ್ತಿರ ಹಗ್ಗ ಗಿಡ್ಡ ಮಾಡಿ ಹಿಡಿಯಿರಿ.

ಉಡುಪಿ, ಕುಂದಾಪುರದ ಕಡಲಿಗೂ ಶಿರಾಡಿ ಘಾಟಿ ಇಳಿದು ಇವರಿಬ್ಬರನ್ನು ಕರೆದುಕೊಂಡು ಹೋಗಿದ್ದೇವೆ. ಹಗ್ಗ, ಟೆಂಟು, ಊಟ ಎಲ್ಲ ಹೀಗೆಯೇ. ಬೇರೆ ಏನಂದರೆ ಉಪ್ಪು ನೀರು ಕುಡಿದರೆ ವಾಂತಿ ಭೇದಿ ಖಂಡಿತ, ಕುಡಿಯುವ ನೀರು ನಾವೇ ಪದೇ ಪದೇ ಕೊಡಬೇಕು. ಮಧ್ಯಾಹ್ನದ ಮರಳಿಗೆ ನಾಯಿಯ ಪಾದ ಸುಡುತ್ತದೆ. ಚಳಿಗಾಲದಲ್ಲಿ ಆ ದಡಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನಾಯಿ ವಾಸನೆ ಹಿಡಿದು ಗೂಡು ಕೆದರಿಬಿಡುತ್ತದೆ. ರಾತ್ರಿ ಮರಳಿನ ಮೇಲೆ ನಾಯಿ ಬಿಡಲೇಬಾರದು.

ಕೊನೆಗೆ ಉಣ್ಣಿ. ದನ ಮೇಯುವ ಹುಲ್ಲು ಅಂದರೆ ಉಣ್ಣಿ ಇದ್ದೇ ಇರುತ್ತದೆ. ಚಿನ್ನಿ ಈಜುವ ನಾಯಿ, ಅದಕ್ಕೆ ಡಾಕ್ಟರನ್ನು ಕೇಳಿ ಬೆನ್ನಿಗೆ ಹಾಕುವ ಹನಿ ಬಿಟ್ಟು ನುಂಗುವ ಮಾತ್ರೆಗೆ ಬದಲಾಯಿಸಿದೆವು. ಹನಿ ಹಾಕಿ ನೀರಿಗೆ ಇಳಿಸಿದರೆ ಔಷಧಿ ತೊಳೆದುಹೋಗುತ್ತದೆ, ನೀರಿನ ಹುಳ ಮೀನುಗಳಿಗೂ ಕೆಟ್ಟದ್ದು. ರೇಬೀಸ್ ಲಸಿಕೆ, ಇಲಿ ಜ್ವರದ ಲಸಿಕೆ ಪ್ರತಿ ವರ್ಷ ತಪ್ಪಿಸುವುದಿಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಚಳಿಗಾಲದಿಂದ ಬೇಸಿಗೆವರೆಗೆ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಮನುಷ್ಯರಿಗೆ ಮುಖ್ಯವಾಗಿ ಉಣ್ಣಿಯಿಂದ ಬರುವ ಕಾಯಿಲೆ. ನಾಯಿ ಮೈಮೇಲೆ ಉಣ್ಣಿ ಟೆಂಟಿನೊಳಗೂ ಬರುತ್ತದಲ್ವಾ, ಹಾಗಾಗಿ ಆ ತಿಂಗಳುಗಳಲ್ಲಿ ಆ ಕಡೆಯ ಕಾಡಂಚಿಗೆ ನಾವು ಹೋಗುವುದಿಲ್ಲ. ಇಂಬಳ ಕಚ್ಚಿದರೆ ಉಪ್ಪು ನೀರು ಸಾಕು. ಹೊಗೆಸೊಪ್ಪು ಹಚ್ಚಬೇಡಿ, ನಾಯಿ ನೆಕ್ಕಿದರೆ ನಿಕೋಟಿನ್ ವಿಷ ಆಗುತ್ತದೆ.

ಮನೆಗೆ ಬಂದ ಸಂಜೆ ಕಿವಿಯ ಒಳಗೆ, ಬೆರಳ ಸಂದಿ, ತೊಡೆ ಸಂದಿ, ಬಾಲದ ಬುಡ, ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡುತ್ತೇವೆ. ಸಿಕ್ಕಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಣ್ಣಿಯಿಂದ ನಾಯಿಗೆ ಬರುವ ಜ್ವರ ಅದೇ ದಿನ ಬರುವುದಿಲ್ಲ, ಒಂದರಿಂದ ಮೂರು ವಾರ ಹಿಡಿಯಬಹುದು. ಆ ದಿನಗಳಲ್ಲಿ ನಾಯಿ ಊಟ ಬಿಟ್ಟರೆ, ಮಂಕಾದರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಕಾಯಬೇಡಿ. ಡಾಕ್ಟರ ಹತ್ತಿರ ಹೋದ ಕೂಡಲೇ ಹುಲ್ಲಲ್ಲಿ ಮಲಗಿ ಬಂದ ವಿಷಯ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಸಾಮಾನ್ಯವಾಗಿ ಔಷಧಿಯಲ್ಲೇ ಗುಣವಾಗುವ ಕಾಯಿಲೆ ಇದು.