ಟ್ಯೂರಿನ್‌ಗೆ ಹೊಸದಾಗಿ ಬಂದವರಿಗೆ: ಜೆಲಾಟೊ ಕೊಳ್ಳುವ ಮುನ್ನ

ಇಟಲಿಗೆ ಬಂದಿಳಿದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಿ, ತೆರಿಗೆ ಸಂಖ್ಯೆ ಮಾಡಿಸಿಕೊಳ್ಳಿ. ಇಷ್ಟನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿನವರ ಐಸ್‌ಕ್ರೀಮಾದ ಜೆಲಾಟೊದಲ್ಲಿ ಒಳ್ಳೆಯದನ್ನು ಗುರುತಿಸುವ ಬಗೆಯನ್ನು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ.

ಮೊದಲ ವರ್ಷ ನಾನು ಕಣ್ಣನ್ನು ನಂಬಿ ಮೋಸಹೋದೆ. ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿಗಳನ್ನು ಪದರಪದರವಾಗಿ ತುಂಬಿಕೊಡುವ ಮಂಗಳೂರಿನ ಗಡ್‌ಬಡ್ ತಿಂದು ಬೆಳೆದ ನನಗೆ ಬಣ್ಣವೂ ಎತ್ತರವೂ ಧಾರಾಳದ ಗುರುತುಗಳಾಗಿದ್ದವು. ರೈಲು ನಿಲ್ದಾಣದ ಬಳಿಯ ಅಂಗಡಿಯೊಂದರಲ್ಲಿ ಗೋಪುರದಂತೆ ಒಟ್ಟಿದ್ದ ಗಿಳಿಹಸಿರು ಪಿಸ್ತಾ ಕಂಡೊಡನೆ ಮಗಳಿಗೂ ನನಗೂ ದೊಡ್ಡ ಕಪ್ಪನ್ನೇ ಕೊಂಡೆ. ಬಾಯಿಗಿಟ್ಟರೆ ಎಸೆನ್ಸಿನ ಘಾಟು, ನುಂಗಿದ ಮೇಲೆ ಅಂಗುಳಕ್ಕೆ ಅಂಟಿಕೊಂಡ ಜಿಡ್ಡು. ಮಗಳ ನಾಲಿಗೆ ರಾತ್ರಿಯವರೆಗೂ ಹಸಿರಾಗಿಯೇ ಇತ್ತು. ಹುರಿದ ಪಿಸ್ತಾವನ್ನು ಅರೆದು ಮಾಡಿದ ಜೆಲಾಟೊ ಮಂಕಾದ ಕಂದುಹಸಿರು ಬಣ್ಣಕ್ಕಿರುತ್ತದೆ, ಬಾಳೆಹಣ್ಣಿನದು ಹಳದಿಯಲ್ಲ, ಬೂದುಬಿಳುಪು. ನಾವು ಮನೆಯಲ್ಲಿ ಬಾಳೆಹಣ್ಣು ಕಿವುಚಿ ರಸಾಯನ ಮಾಡಿದವರು. ಆ ಬಣ್ಣ ನಮಗೆ ಗೊತ್ತಿಲ್ಲದ್ದೇನಲ್ಲ.

ಗೋಪುರವನ್ನೂ ನಂಬಬೇಡಿ. ಐಸ್‌ಕ್ರೀಮಿಗಿಂತ ಜೆಲಾಟೊದಲ್ಲಿ ಕೆನೆಯೂ ಗಾಳಿಯೂ ಕಡಿಮೆ, ಬಡಿಸುವಾಗಿನ ತಣ್ಪೂ ತುಸು ಕಡಿಮೆ. ಹಾಗಾಗಿ ತಟ್ಟೆಯ ಅಂಚು ಮೀರಿ ಗುಡ್ಡದಂತೆ ಗಂಟೆಗಟ್ಟಲೆ ನಿಲ್ಲಬೇಕಾದರೆ ಅದಕ್ಕೆ ಹಾಲು ಸಕ್ಕರೆಗಳಾಚೆಗಿನ ಆಸರೆ ಸಾಕಷ್ಟು ಬೇಕಾಗುತ್ತದೆ. ಅನೇಕ ಒಳ್ಳೆಯ ಅಂಗಡಿಗಳಲ್ಲಿ ಜೆಲಾಟೊ ಕಣ್ಣಿಗೇ ಬೀಳುವುದಿಲ್ಲ, ಮುಚ್ಚಳವಿರುವ ಆಳವಾದ ಸ್ಟೀಲ್ ಡಬ್ಬಿಗಳಲ್ಲಿರುತ್ತದೆ. ಇಂಥ ಡಬ್ಬಿಗೆ ಪೊತ್ಸೆತ್ತೊ ಎನ್ನುತ್ತಾರೆ. ಹೊಸ ಅಂಗಡಿಗೆ ಹೋದಾಗ ನಾನು ಮೊದಲು ಕೇಳುವುದು ಫಿಯೋರ್ ದಿ ಲಾತ್ತೆ, ಅಂದರೆ ಬರಿಯ ಹಾಲು, ಕೆನೆ, ಸಕ್ಕರೆಯದು. ಅದರಲ್ಲಿ ಕುಂದನ್ನು ಮುಚ್ಚಿಡಲು ಬೇರೆ ರುಚಿಯೇ ಇರುವುದಿಲ್ಲ. ಎರಡನೆಯದು ಈ ಸೀಮೆಯದೇ ಆದ ನೊಚ್ಚೋಲಾ, ಅಂದರೆ ಹೇಝಲ್‌ನಟ್‌ನದು. ಟ್ಯೂರಿನ್ ಇರುವ ಪಿಯೆಮೊಂತೆ ಪ್ರಾಂತ್ಯದ ಲಾಂಗೆ ಗುಡ್ಡಗಳ ಹೇಝಲ್‌ನಟ್ ಹೆಸರುವಾಸಿಯಾದದ್ದು. ಅದನ್ನೇ ಚಾಕೊಲೇಟಿನೊಂದಿಗೆ ಅರೆದ ಜಾಂದೂಯಾ ಈ ಊರಿನ ಹೆಮ್ಮೆ. ಹಣ್ಣಿನದಾದರೆ ಋತು ನೋಡಿ ಕೇಳಿ: ಜನವರಿಯಲ್ಲಿ ಪೀಚ್ ಕೊಡುವ ಅಂಗಡಿ ಆ ಹಣ್ಣನ್ನು ಎಲ್ಲಿಂದ ತಂದೀತು?

ಇನ್ನೊಂದು ತಪ್ಪನ್ನು ಹೇಳಲೇಬೇಕು. ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ, ಹಾಲಿನದಲ್ಲವೇ ಎಂದು ಅವಳಿಗೆ ಕ್ರೇಮಾ ಎಂಬುದನ್ನು ಕೊಡಿಸಿದೆ. ಮೊಟ್ಟೆ ಮುಟ್ಟದ ಅವಳು ಪ್ಯಾತ್ಸಾ ಕಾಸ್ತೆಲ್ಲೊ ಚೌಕದ ಕಲ್ಲುಬೆಂಚಿನ ಮೇಲೆ ಕುಳಿತು, ಚೆನ್ನಾಗಿದೆ ಎನ್ನುತ್ತ ಅರ್ಧ ಮುಗಿಸಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಗಳು, ಇದಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ ಎಂದು ಶಾಲೆಯಲ್ಲಿ ಕೇಳಿದ್ದನ್ನು ಸಹಜವಾಗಿ ಹೇಳಿಬಿಟ್ಟಳು. ಅಮ್ಮ ಕಪ್ಪನ್ನು ಮೆಲ್ಲನೆ ಕೆಳಗಿಟ್ಟಳು, ನನ್ನನ್ನು ಬೈಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಆ ರಾತ್ರಿ ಊಟ ಬೇಡವೆಂದಳು. ಕೌಂಟರಿನಲ್ಲಿ ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು; ಹಿಂದೆ ಸಾಲು ನಿಂತಿದೆ, ನನ್ನ ಇಟಾಲಿಯನ್ ತಡವರಿಸುತ್ತದೆ ಎಂಬ ಸಂಕೋಚಕ್ಕೆ ನಾನು ಬಾಯಿ ಬಿಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ನೀವು ಹಾಗೆ ಮಾಡಬೇಡಿ. "ಸೆನ್ತ್ಸಾ ವೋವಾ?" ಎಂದರೆ ಮೊಟ್ಟೆಯಿಲ್ಲದ್ದೇ ಎಂದರ್ಥ. ಮೊಟ್ಟೆ, ಹಾಲು, ಬೀಜಗಳ ವಿವರವನ್ನು ಅಂಗಡಿಯವರು ತಿಳಿಸಲೇಬೇಕೆಂಬ ನಿಯಮವಿದೆ, ಕೇಳಿದರೆ ಪಟ್ಟಿ ತೋರಿಸುತ್ತಾರೆ. ತ್ಸಬಾಯೋನೆ ಎಂಬ ರುಚಿಯಲ್ಲಿ ಮೊಟ್ಟೆಯ ಜೊತೆಗೆ ಮಾರ್ಸಾಲಾ ವೈನ್, ಮಾಲಗಾ ಎಂಬುದರಲ್ಲಿ ಸಾಮಾನ್ಯವಾಗಿ ರಮ್ ಇರುತ್ತದೆ; ಮಕ್ಕಳಿಗೆ ಕೊಡಿಸುವಾಗ ಇದು ನೆನಪಿರಲಿ.

ನನ್ನ ಮಗಳಿಗೆ ಗಡ್‌ಬಡ್ ಎಂದರೆ ರಜೆಯಲ್ಲಿ ಎರಡು ಸಲ ತಿಂದ ಪದಾರ್ಥ, ನೊಚ್ಚೋಲಾ ಎಂದರೆ ಬಾಲ್ಯ. ಒಮ್ಮೊಮ್ಮೆ ನನಗಿದು ಸಂಕಟವೆನಿಸುತ್ತದೆ. ಮಾವಿನ ಜೆಲಾಟೊ ಕಂಡಾಗಲೆಲ್ಲ ಆಸೆಯಿಂದ ಒಂದು ಚಮಚ ರುಚಿ ನೋಡುತ್ತೇನೆ, ಮಲ್ಲಿಕಾ ಮಾವಿನ ಪರಿಮಳ ಒಮ್ಮೆಯೂ ಸಿಕ್ಕಿಲ್ಲ. ಆದರೆ ಅಮ್ಮ ಎರಡನೆಯ ಸಲ ಬಂದಾಗ ಅಂಗಡಿಯಲ್ಲಿ ನನಗಿಂತ ಮುಂದೆ ಹೋಗಿ ನಿಂತು, ಕಾಲ ಹಿಮ್ಮಡಿ ಎತ್ತಿ ಕೌಂಟರಿನ ಮೇಲೆ ಬಾಗಿ, ಸೆನ್ತ್ಸಾ ವೋವಾ ಎಂದು ಎರಡೆರಡು ಬಾರಿ ಕೇಳಿ ಖಚಿತ ಮಾಡಿಕೊಂಡವಳು ಮಗಳೇ. ಆಮೇಲೆ ತಿರುಗಿ ಕನ್ನಡದಲ್ಲಿ, "ಅಜ್ಜಿ, ನಿಂಬೆಹಣ್ಣಿಂದು ತಗೋ, ಅದ್ರಲ್ಲಿ ನೀರು, ಸಕ್ಕರೆ, ನಿಂಬೆರಸ ಬಿಟ್ರೆ ಬೇರೇನೂ ಇಲ್ವಂತೆ" ಎಂದಳು. ಅಮ್ಮ ಕಪ್ಪು ಖಾಲಿ ಮಾಡಿ, ಪಾನಕಕ್ಕೆ ಏಲಕ್ಕಿ ಹಾಕುವುದನ್ನು ಇವರಿಗೆ ಯಾರೂ ಹೇಳಿಕೊಟ್ಟಿಲ್ಲವೇ ಎಂದು ಕೇಳಿದಳು.