ಮೂರು ಹೊಳೆ, ಮೂರು ರಾಜಧಾನಿ: ಸೈಕಲ್ ಮೇಲೆ ಕೆಳದಿ ಸೀಮೆ

ಮಲೆನಾಡಿನಲ್ಲಿ ಸೈಕಲ್ ತುಳಿಯಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಹೊಳೆಯ ಜೊತೆ ಹೋಗುವ ರಸ್ತೆ ಸುಲಭ, ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ದಾಟುವ ರಸ್ತೆ ಕಷ್ಟ. ಇಲ್ಲಿ ಬರೀ ಕಿಲೋಮೀಟರ್ ನೋಡಿ ದಿನದ ಲೆಕ್ಕ ಹಾಕಿದರೆ ನಡೆಯುವುದಿಲ್ಲ. ಯಾವ ಹೊಳೆ ಯಾವ ಕಡೆ ಹರಿಯುತ್ತದೆ, ಎರಡರ ನಡುವೆ ಗುಡ್ಡ ಎಲ್ಲಿ ಅಡ್ಡ ಬರುತ್ತದೆ ಅಂತ ನೋಡಿಕೊಳ್ಳಬೇಕು. ನಾನು ಶಿವಮೊಗ್ಗದಿಂದ ತುಂಗೆಯ ಪಕ್ಕದಲ್ಲೇ ಮೇಲಕ್ಕೆ ಹೋಗಿ, ಶರಾವತಿ ಸೀಮೆಗೆ ದಾಟಿ, ಆಮೇಲೆ ವರದೆಯ ಬಯಲಲ್ಲಿ ಬನವಾಸಿಯವರೆಗೆ ಇಳಿದೆ. ಈ ದಾರಿಯಲ್ಲಿ ಕೆಳದಿ ಅರಸರ ಮೂರೂ ರಾಜಧಾನಿಗಳು ಸಿಗುತ್ತವೆ. ಅವರು ಕೆಳದಿ ಬಿಟ್ಟು ಇಕ್ಕೇರಿಗೆ, ಇಕ್ಕೇರಿ ಬಿಟ್ಟು ಬಿದನೂರಿಗೆ ಹೋದರು ಅಂತ ಶಾಲೆಯಲ್ಲಿ ಓದಿದ್ದೆ. ಯಾಕೆ ಹೋದರು ಅನ್ನುವುದು ಗೊತ್ತಾಗಿದ್ದು ಪೆಡಲ್ ತುಳಿದಾಗಲೇ.

ಹೊರಟಿದ್ದು ಸಂಕ್ರಾಂತಿ ಕಳೆದ ಮೇಲೆ. ಮಲೆನಾಡಿಗೆ ಸೈಕಲ್ ಒಯ್ಯಲು ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದ ಮಲೆನಾಡು ಚಂದ, ಆದರೆ ಹಾಸುಂಬೆ (ಪಾಚಿ) ಕಟ್ಟಿದ ರಸ್ತೆಯ ಅಂಚಿನಲ್ಲಿ ಟೈರು ನಿಲ್ಲುವುದಿಲ್ಲ, ಬ್ರೇಕೂ ಹಿಡಿಯುವುದಿಲ್ಲ. ಮಾರ್ಚ್ ಬಂತೆಂದರೆ ಬಿಸಿಲು ಜಾಸ್ತಿ. ಸೈಕಲ್ ವಿಷಯದಲ್ಲಿ ದುಬಾರಿಯದೇ ಬೇಕು ಅಂತೇನಿಲ್ಲ. ಮುಂದೆ ಚಿಕ್ಕ ಹಲ್ಲಿನ ಚಕ್ರ ಇರಲಿ, ಹಿಂದೆ ದೊಡ್ಡದು ಇರಲಿ, ಟೈರು 35 ಮಿಲಿಮೀಟರ್ ಆಸುಪಾಸು ಇರಲಿ. ಸಾಮಾನನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ. ಹಿಂದೆ ಕ್ಯಾರಿಯರ್ ಕಟ್ಟಿಸಿ, ಎರಡೂ ಪಕ್ಕಕ್ಕೆ ಸಮತೂಕದ ಬ್ಯಾಗ್ ಇಳಿಬಿಡಿ. ಎರಡು ಟ್ಯೂಬು, ಪಂಪು, ಚೈನ್ ಕೂಡಿಸುವ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್ ಇಟ್ಟುಕೊಂಡಿದ್ದೆ. ಪ್ಯಾಡಿನ ಕತೆ ಆಮೇಲೆ ಬರುತ್ತದೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. ತುಂಗೆ ಎಡಬಿಡದೆ ಜೊತೆಗಿರುತ್ತಾಳೆ. ಗಾಜನೂರು ಅಣೆಕಟ್ಟೆ, ಅದರ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರ, ಆಮೇಲೆ ಮಂಡಗದ್ದೆ. ಬೆಳಿಗ್ಗೆ ಬೇಗ ಹೊರಟರೆ ಮಾವುತರು ಆನೆಗಳನ್ನು ನೀರಿಗೆ ಇಳಿಸುವ ಹೊತ್ತಿಗೆ ಸಕ್ರೆಬೈಲಲ್ಲಿ ಇರಬಹುದು. ಮಂಡಗದ್ದೆಯಲ್ಲಿ ಹೊಳೆ ನಡುವಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಹೋದವರಿಗೆ ಆ ಗದ್ದಲ ಸಿಗುವುದಿಲ್ಲ. ಒಣ ರಸ್ತೆ ಬೇಕು ಅಂದರೆ ಹಕ್ಕಿಗಳನ್ನು ಬಿಡಬೇಕು. ರಸ್ತೆ ಏರಿಳಿಯುತ್ತದೆ, ಆದರೆ ಒಟ್ಟಾರೆ ಅಷ್ಟೇನೂ ಮೇಲೆ ಹತ್ತುವುದಿಲ್ಲ. ಬಸ್ಸು ಲಾರಿ ಮಾತ್ರ ಜಾಸ್ತಿ. ತಿರುವುಗಳಲ್ಲಿ ಹಿಂದಿನಿಂದ ಹಾರ್ನ್ ಕೇಳಿದರೆ ಹಟ ಮಾಡದೆ ರಸ್ತೆ ಬಿಟ್ಟು ಇಳಿದುಬಿಡುವುದೇ ಸರಿ.

ತೀರ್ಥಹಳ್ಳಿಯಲ್ಲಿ ಹೊಳೆ ದಂಡೆಯ ಬಂಡೆಗಳ ಮೇಲೆ ಕಾಲು ನೀರಿಗೆ ಇಳಿಬಿಟ್ಟು ಕೂತೆ. ಅಲ್ಲಿಂದ ಮುಂದೆ ತುಂಗೆಯನ್ನು ಬಿಡಬೇಕು. ಈ ತಾಲ್ಲೂಕಿನ ನೆಲ ವಿಶೇಷವಾದದ್ದು. ತುಂಗೆ ಇಲ್ಲಿಂದ ಕೂಡ್ಲಿಗೆ ಹೋಗಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಎರಡರ ನಡುವಿನ ದಿಣ್ಣೆ ಬಸ್ಸಿನಲ್ಲಿ ಹೋಗುವವರಿಗೆ ಗೊತ್ತೂ ಆಗುವುದಿಲ್ಲ. ಸೈಕಲ್ಲಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಏರು ಮುಗಿಯಿತು ಅನ್ನುವಷ್ಟರಲ್ಲಿ ಕಡಿದಾದ ಇಳಿಜಾರು, ಕೆಳಗೆ ಒಂದು ಹಳ್ಳ, ತೋಟ, ಮೋರಿ, ಮತ್ತೆ ಏರು. ಇಳಿದು ಗಳಿಸಿದ ವೇಗ ಮೋರಿಯ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಹೋಗಿಬಿಡುತ್ತದೆ. ಚಿಕ್ಕ ಗೇರಿಗೆ ಮೊದಲೇ ಹಾಕಿಕೊಂಡು, ಉಸಿರು ನೋಡಿಕೊಂಡು, ನಿಧಾನಕ್ಕೆ ತುಳಿಯಬೇಕು. ಕಡಿದಾದ ಕಡೆ ಇಳಿದು ತಳ್ಳಿದೆ. ಅದರಲ್ಲೇನೂ ತಪ್ಪಿಲ್ಲ.

ಕವಲೇದುರ್ಗಕ್ಕೆ ಸೈಕಲ್ಲನ್ನು ಕೆಳಗೇ ಬಿಡಬೇಕು. ಗದ್ದೆ ದಾಟಿದರೆ ಕಲ್ಲುಹಾಸಿನ ದಾರಿ, ಒಂದಾದ ಮೇಲೊಂದು ಕೋಟೆ ಬಾಗಿಲು. ಅರಮನೆಯ ಪಾಯದ ಮೇಲೆ ನಿಂತರೆ ಆ ಕಾಲದ ಕಲ್ಲಿನ ಒಲೆ ಈಗಲೂ ಇದೆ. ದೂರದಲ್ಲಿ ಹಿನ್ನೀರು ಕಾಣುತ್ತದೆ. ಅರ್ಧ ದಿನ ಇಟ್ಟುಕೊಳ್ಳಿ.

ನಗರ, ಅಂದರೆ ಹಳೆಯ ಬಿದನೂರು, ನನಗೆ ಈ ಇಡೀ ಪ್ರವಾಸದ ಮುಖ್ಯ ಜಾಗ. ಕೋಟೆಯ ದಿಬ್ಬದ ಮೇಲೆ ನಿಂತು ಸುತ್ತ ನೋಡಿದೆ. ಎಲ್ಲ ಕಡೆಯೂ ಗುಡ್ಡ, ಕಾಡು. ಯಾವ ದಿಕ್ಕಿನಿಂದ ಬಂದರೂ ನಾನು ಅವತ್ತು ಬಂದ ಹಾಗೆ ಏರಿ, ಇಳಿದು, ಮತ್ತೆ ಏರಿ ಬರಬೇಕು. 1630ರ ದಶಕದ ಕೊನೆಯಲ್ಲಿ ಬಿಜಾಪುರದ ಸೇನೆ ಇಕ್ಕೇರಿಗೆ ನುಗ್ಗಿತು. ಅದಾದ ಮೇಲೆ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಇಲ್ಲಿಗೆ ಬಂತು. ಎರಡು ಬ್ಯಾಗ್ ಹೊತ್ತ ಸೈಕಲ್ಲಿಗೇ ಈ ದಾರಿ ಇಷ್ಟು ಕಷ್ಟ. ಫಿರಂಗಿ, ಎತ್ತಿನ ಗಾಡಿ, ಕುದುರೆ, ದವಸ ಎಲ್ಲ ಎಳೆದುಕೊಂಡು ಬರುವ ಸೇನೆಗೆ ಹೇಗಿದ್ದೀತು, ಅಲ್ವಾ? ಇನ್ನೊಂದು ಕಾರಣವೂ ಇದೆ. ಇಲ್ಲಿಂದ ಪಶ್ಚಿಮಕ್ಕೆ ಘಾಟಿ ಇಳಿದರೆ ಕರಾವಳಿ, ಬಸ್ರೂರಿನಂಥ ಬಂದರು. ಮಲೆನಾಡಿನ ಮೆಣಸು, ಅಕ್ಕಿ ಆ ದಾರಿಯಲ್ಲೇ ಇಳಿಯುತ್ತಿದ್ದವು. ಶತ್ರುವಿಗೆ ದೂರ, ವ್ಯಾಪಾರಕ್ಕೆ ಹತ್ತಿರ. ಜಾಗ ಆರಿಸಿದವರು ನೆಲ ಬಲ್ಲವರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯ ಗುಣ, ಫಸಲು ನೋಡಿ ಕಂದಾಯ ಗೊತ್ತು ಮಾಡಿದ ‘ಶಿಸ್ತು’ ಜಾರಿಗೆ ತಂದದ್ದು ಇಲ್ಲಿಂದಲೇ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮನೂ ಇಲ್ಲಿಂದಲೇ ಆಳಿದಳು. 1763ರಲ್ಲಿ ರಾಣಿ ವೀರಮ್ಮಾಜಿಯ ಕೈಯಿಂದ ಹೈದರ್ ಅಲಿ ಬಿದನೂರನ್ನು ಗೆದ್ದುಕೊಳ್ಳುವವರೆಗೆ, ಒಂದು ಶತಮಾನಕ್ಕೂ ಹೆಚ್ಚು ಕಾಲ, ರಾಜ್ಯ ಇಲ್ಲಿ ನಿಂತಿತು.

ಹತ್ತಿರದ ದೇವಗಂಗೆಯ ಕೊಳಗಳನ್ನೂ ನೋಡಿ. ಒಂದು ದೊಡ್ಡ ಕೊಳ, ಪಕ್ಕದಲ್ಲಿ ಚಿಕ್ಕ ಕೊಳಗಳು. ಗುಡ್ಡದ ನೀರು ಕಲ್ಲಿನ ಕಾಲುವೆಯಲ್ಲಿ ಬಂದು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಬೇಸಗೆ ಹತ್ತಿರ ಬಂದಿದ್ದರೂ ನೀರು ತಣ್ಣಗೆ, ತಿಳಿಯಾಗಿ ಓಡುತ್ತಿತ್ತು. ಇಂಥ ಜಾಗಕ್ಕೆ ಬಂದವರು ಪ್ಲಾಸ್ಟಿಕ್ ತಟ್ಟೆ ಬಿಸಾಕಿ ಹೋಗುತ್ತಾರೆ ಅನ್ನುವುದು ಹೊಟ್ಟೆ ಉರಿಸುತ್ತದೆ. ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ಇರಲಿ.

ಈಗ ಪ್ಯಾಡಿನ ಕತೆ. ಇಳಿಜಾರುಗಳಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದರೆ ಪ್ಯಾಡ್ ಸವೆದು ಹೋಗುತ್ತದೆ, ರಿಮ್ ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಹಾಗೆ ಇಳಿದರೂ ಹೊಸನಗರ ಮುಟ್ಟುವ ಹೊತ್ತಿಗೆ ಹಿಂದಿನ ಪ್ಯಾಡಿನ ಗೆರೆಗಳು ಮಾಯ ಆಗಿದ್ದವು. ಚಕ್ರವೂ ಸ್ವಲ್ಪ ಓಲಾಡುತ್ತಿತ್ತು. ಪೇಟೆಯ ಒಂದು ಸೈಕಲ್ ಅಂಗಡಿಯಲ್ಲಿ ಹಿರಿಯರೊಬ್ಬರು ಕೂತಿದ್ದರು.

“ಈ ಪ್ಯಾಡ್ ನಮ್ಮಲ್ಲಿ ಬರಲ್ಲ ಮಾರಾಯ್ರೆ. ಇದ್ರೆ ಕೊಡಿ, ಹಾಕಿಕೊಡ್ತೀನಿ” ಅಂದರು.

ನನ್ನ ಹತ್ತಿರ ಇದ್ದದ್ದನ್ನು ಕೊಟ್ಟೆ. ಅವರು ಸೈಕಲ್ಲನ್ನು ತಲೆಕೆಳಗೆ ಮಾಡಿ ಚಕ್ರ ತಿರುಗಿಸಿದರು. ಬೆರಳಿನ ಉಗುರನ್ನು ರಿಮ್ಮಿಗೆ ತಾಗುವ ಹಾಗೆ ಹಿಡಿದು, ಎಲ್ಲಿ ಉಗುರಿಗೆ ತಾಗುತ್ತದೋ ಅಲ್ಲಿ ಉಗುರಿನ ಕಡೆಯ ಕಡ್ಡಿಗಳನ್ನು ಕಾಲು ಸುತ್ತಿನಷ್ಟು ಸಡಿಲ ಮಾಡುತ್ತಾ, ಎದುರು ಕಡೆಯದನ್ನು ಬಿಗಿ ಮಾಡುತ್ತಾ ಬೆಂಡ್ ತೆಗೆದರು. ಮಾತಿಲ್ಲ. ಬೆರಳಿಂದ ಕಡ್ಡಿಗಳನ್ನು ಮೀಟಿ ಸದ್ದು ಕೇಳಿದರು. ಎಲ್ಲ ಒಂದೇ ಸಮ ಬಂದ ಮೇಲೆ ತಲೆ ಆಡಿಸಿದರು. ಆ ಚಕ್ರ ಇವತ್ತಿಗೂ ಹಾಗೇ ಇದೆ. “ಮುಂದಿಂದಕ್ಕೂ ಗಮನ ಇರ್ಲಿ, ಹಿಂದಿಂದನ್ನ ನಂಬಿ ಇಳೀಬೇಡಿ” ಅಂದರು. ಇದನ್ನು ಇಲ್ಲಿ ಬರೆಯುವುದು ಯಾಕೆಂದರೆ, ಸಣ್ಣ ಪೇಟೆಗಳಲ್ಲಿ ಹೊಸ ನಮೂನೆಯ ಬಿಡಿಭಾಗ ಸಿಗುವುದಿಲ್ಲ, ಆದರೆ ಕೈಗುಣ ಇರುವವರು ಸಿಗುತ್ತಾರೆ. ಭಾಗ ನೀವು ತನ್ನಿ.

ಹೊಸನಗರದಿಂದ ಮುಂದೆ ನನ್ನ ‘ಹೊಳೆ ಜೊತೆ ಹೋಗಿ’ ಅನ್ನುವ ಸೂತ್ರ ನಡೆಯುವುದಿಲ್ಲ. ಶರಾವತಿಯ ಕಣಿವೆಯೇ ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಳ್ಳಿ, ಗದ್ದೆ, ತೋಟ, ದಾರಿ ಎಲ್ಲ ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿತು. ನಾಡಿಗೆಲ್ಲ ಕರೆಂಟು ಕೊಟ್ಟ ಜನ ಮನೆ ಬಿಟ್ಟು ಎದ್ದು ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕಿಗಾಗಿ ಓಡಾಡುತ್ತಿದ್ದಾರೆ. ಹಿನ್ನೀರಿನ ಅಂಚಿನಲ್ಲಿ ನಿಂತು ಫೋಟೋ ತೆಗೆಯುವಾಗ ಇದು ನೆನಪಿರಲಿ ಅಂತ ನನ್ನ ಆಸೆ. ಸಿಗಂದೂರಿಗೆ ಲಾಂಚಿನಲ್ಲೇ ದಾಟಬೇಕಿತ್ತು. 2025ರ ಜುಲೈಯಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ. ನಾನು ಆ ಕಡೆ ಹೋಗದೆ ಬಟ್ಟೆಮಲ್ಲಪ್ಪದ ಮೇಲೆ ಸಾಗರಕ್ಕೆ ಬಂದೆ.

ಸಾಗರ ಮುಟ್ಟುವಾಗ ನೆಲ ಸಡಿಲಾಗುತ್ತದೆ. ಗುಡ್ಡಗಳು ದೂರ ಸರಿಯುತ್ತವೆ, ಪೆಡಲ್ ಹಗುರ ಆಗುತ್ತದೆ. ಇಕ್ಕೇರಿ, ಕೆಳದಿ ಎರಡೂ ಸಾಗರದಿಂದ ಸೈಕಲ್ಲಿಗೆ ಅರ್ಧ ಗಂಟೆಯ ದಾರಿ. ನಗರದಿಂದ ಬಂದವನಿಗೆ ಇಕ್ಕೇರಿಯ ಬಯಲು ತಕ್ಷಣ ಉತ್ತರ ಕೊಡುತ್ತದೆ: ಇಲ್ಲಿ ಸೇನೆಯನ್ನು ತಡೆಯಲು ನೆಲದ ಸಹಾಯ ಇಲ್ಲ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಬಂದು, ಘಾಟಿ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ಅದು ವೆಂಕಟಪ್ಪ ನಾಯಕನ ದೊಡ್ಡ ಊರು. ಈಗ ಉಳಿದಿರುವುದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ. ಒಳಗೆ ಗರ್ಭಗುಡಿಯ ಎದುರಿನ ನೆಲದ ಕಲ್ಲು ನೋಡಲು ಮರೆಯಬೇಡಿ. ನಮಸ್ಕಾರ ಮಾಡುತ್ತಿರುವ ಮೂವರು ಕೆಳದಿ ಅರಸರನ್ನು ಅಲ್ಲಿ ಕೆತ್ತಿದ್ದಾರೆ. ಅದೇ ಮಂಟಪದ ನಡುವಿನ ಕಂಬಗಳ ಅಂತರ 18 ಅಡಿ 6 ಅಂಗುಲ. ಹಿಂದೆ ತೋಟ ಅಳೆಯುವ ಕೋಲಿಗೆ ಅದೇ ಅಳತೆ, ಹೆಸರು ದಾಯ. ದೇವಸ್ಥಾನದಿಂದ ಹೊರಗೆ ಬಂದರೆ ಅಡಿಕೆ ತೋಟಗಳು ಇವೆ. ಅಳತೆ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ಯಾರೂ ಬದಲಾಯಿಸಲು ಆಗದ ಕಲ್ಲಿನಲ್ಲಿ ಇತ್ತು ಅನ್ನುವುದು ನನಗೆ ಬಹಳ ಇಷ್ಟವಾಯಿತು. ಕೆಳದಿಯಲ್ಲಿ ವೀರಭದ್ರ ಗುಡಿಯ ಚಾವಣಿಯ ಗಂಡಭೇರುಂಡ ನೋಡಿ ಹೊರಟೆ.

ವರದೆ ಹುಟ್ಟುವ ವರದಾಮೂಲ ಸಾಗರದ ಪಕ್ಕದಲ್ಲೇ ಇದೆ. ಈ ಹೊಳೆ ಉತ್ತರಕ್ಕೆ ಹರಿದು ಬನವಾಸಿಯನ್ನು ಬಳಸಿ, ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಸೊರಬದ ಕಡೆಗೆ ರಸ್ತೆ ಸಲೀಸು. ಅಡಿಕೆ ಕೊಯ್ಲಿನ ಕೆಲಸ ಇನ್ನೂ ಮುಗಿದಿರಲಿಲ್ಲ. ದಾರಿ ಪಕ್ಕದ ಒಂದು ಮನೆಯ ಅಂಗಳದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ರಸ್ತೆವರೆಗೂ ಬರುತ್ತಿತ್ತು. ನೀರಿಗೆ ಬಾಟಲಿ ಹಿಡಿದು ನಿಂತೆ. ಅಮ್ಮ ಒಬ್ಬರು, “ಬಿಸಿಲಲ್ಲಿ ಬಂದಿದೀರಿ, ಬರೀ ನೀರು ಕುಡೀಬೇಡಿ. ಆಸರಿಗೆ ಏನು ಕೊಡ್ಲಿ?” ಅಂತ ಕೇಳಿ ಬೆಲ್ಲ, ನೀರು, ಆಮೇಲೆ ಇಂಗಿನ ಒಗ್ಗರಣೆಯ ಮಜ್ಜಿಗೆ ತಂದುಕೊಟ್ಟರು. ಉಪ್ಪು, ಬೆಲ್ಲ, ನೀರು ಮೂರೂ ಆಯಿತು. ದಣಿವಿಗೆ ನೀರಿಗೆ ಬೆರೆಸಿ ಕುಡಿಯಲು ತಂದಿದ್ದ ಪೊಟ್ಟಣದ ಪುಡಿ (ಓಆರ್‌ಎಸ್) ಬ್ಯಾಗಿನಲ್ಲೇ ಉಳಿಯಿತು. ಮುಂದೆ ಒಂದು ಆಲೆಮನೆಯಲ್ಲಿ ಕಬ್ಬಿನ ಹಾಲನ್ನೂ ಕುಡಿದೆ. ಅದನ್ನು ಹೊಟ್ಟೆ ತುಂಬ ಕುಡಿದು ತಕ್ಷಣ ತುಳಿಯಬೇಡಿ, ಒಂದು ಲೋಟ ಸಾಕು.

ಬನವಾಸಿಯಲ್ಲಿ ಮಧುಕೇಶ್ವರ ದೇವಸ್ಥಾನ, ಮೂರು ಕಡೆ ಬಳಸುವ ವರದೆ, ಸುತ್ತ ಅನಾನಸ್ ಹೊಲ. ವಾಪಸ್ ಬರುವಾಗ ಆನವಟ್ಟಿ, ಶಿರಾಳಕೊಪ್ಪದ ದಾರಿ ಹಿಡಿದರೆ ತಾಳಗುಂದ, ಬಳ್ಳಿಗಾವೆ ಎರಡೂ ಸಿಗುತ್ತವೆ. ಕದಂಬ ಮಯೂರಶರ್ಮನ ಕತೆ ಹೇಳುವ, ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಶಾಸನದ ಕಂಬ ತಾಳಗುಂದದ ಗುಡಿಯ ಎದುರೇ ನಿಂತಿದೆ. ಇದು ಅರೆಮಲೆನಾಡು. ಜೋಳದ ಹೊಲ, ಕೆರೆ, ಎದುರುಗಾಳಿ. ಶಿಕಾರಿಪುರದಿಂದ ಶಿವಮೊಗ್ಗದವರೆಗೆ ತಲೆ ತಗ್ಗಿಸಿ ತುಳಿಯುವುದಷ್ಟೇ ಕೆಲಸ.

ಎಲ್ಲಿಯೂ ಕತ್ತಲಾದ ಮೇಲೆ ಓಡಿಸಲಿಲ್ಲ. ಕಾಡಿನ ದಾರಿಯಲ್ಲಿ ಕಾಟಿ (ಕಾಡುಕೋಣ) ರಸ್ತೆಗೆ ಬರುತ್ತವೆ, ದೀಪದ ಬೆಳಕಿಗೆ ಸರಿಯುತ್ತವೆ ಅನ್ನುವ ಭರವಸೆ ಇಲ್ಲ. ಬೆಳಿಗ್ಗೆಯ ಇಬ್ಬನಿಯಲ್ಲಿ ಹಿಂದೆ ಕೆಂಪು ದೀಪ ಹಾಕಿಕೊಳ್ಳಲೇಬೇಕು.

ರಜೆ ಕಡಿಮೆ ಇರುವವರು ಬನವಾಸಿ ಬಿಡಿ, ತೀರ್ಥಹಳ್ಳಿಯಿಂದ ನಗರದ ಮೇಲೆ ಸಾಗರದ ತುಂಡನ್ನು ಮಾತ್ರ ಬಿಡಬೇಡಿ. ಸಾಗರ ಜಂಬಗಾರು ಸ್ಟೇಷನ್ನಿನಿಂದ ತಾಳಗುಪ್ಪದ ರೈಲುಗಳು ಶಿವಮೊಗ್ಗಕ್ಕೂ ಬೆಂಗಳೂರಿಗೂ ಹೋಗುತ್ತವೆ. ಸೈಕಲ್ಲನ್ನು ಲಗೇಜಿಗೆ ಹಾಕಬೇಕಿದ್ದರೆ ಹಿಂದಿನ ದಿನವೇ ಸ್ಟೇಷನ್ನಿಗೆ ಹೋಗಿ ವಿಚಾರಿಸಿ. ಪೆಡಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ, ಹಿಂದಿನ ಗೇರಿನ ಭಾಗಕ್ಕೆ ಹಳೆ ಗೋಣಿ ಸುತ್ತಿ ಕಟ್ಟಿ.