ಮೊದಲು ಬಾಗಿಲು ತೆರೆದ ಮನೆಯಲ್ಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಸಂಬಳವಿಲ್ಲದ ಸುವಾರ್ತಾ ಸೇವೆಗೆ ಇಳಿದವನನ್ನು ಮೊದಲ ದಿನದಿಂದಲೇ ಕಾಡುವ ಪ್ರಶ್ನೆಗಳು ಎರಡು: ಮಧ್ಯಾಹ್ನದ ಊಟ ಎಲ್ಲಿ, ಕೊನೆಯ ಬಸ್ಸು ತಪ್ಪಿದರೆ ತಂಗುವುದು ಎಲ್ಲಿ. ನಾನು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕ್ರಮವನ್ನು ಹಿಡಿದೆ. ಹಣದ ಚೀಲ, ಜೋಳಿಗೆ, ಕೆರಗಳಿಲ್ಲದೆ ಹೊರಡಿರಿ ಎಂದು ಶಿಷ್ಯರನ್ನು ಕಳುಹಿಸಿದ ಯೇಸುಸ್ವಾಮಿ, ಕೊಟ್ಟದ್ದನ್ನು ಉಣ್ಣುತ್ತ ಅದೇ ಮನೆಯಲ್ಲಿ ಇರಬೇಕು, ಮನೆಯಿಂದ ಮನೆಗೆ ಹೋಗಬಾರದು ಎಂದೂ ಅಪ್ಪಣೆ ಕೊಟ್ಟನು. ಚೀಲದ ಮಾತನ್ನು ಎಲ್ಲರೂ ಬೋಧಿಸುತ್ತಾರೆ. ಮನೆ ಬದಲಿಸಬೇಡಿ ಎಂಬುದರ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ.

ಒಂದು ಊರಿನಲ್ಲಿ ನನಗೆ ಮೊದಲು ಬಾಗಿಲು ತೆರೆದವರು ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬ ಅಜ್ಜಿ. ಗಾರೆ ಮಾಡದ ಮುರಕಲ್ಲಿನ ಗೋಡೆ, ಜಗಲಿಯಲ್ಲಿ ಒಂದು ಚಾಪೆ. ಆಸರಿಗೆಂದು ಬೆಲ್ಲದ ತುಂಡು ಮತ್ತು ಚೊಂಬಿನಲ್ಲಿ ನೀರು ತಂದಿಟ್ಟು, "ಅಯ್ಯನವರೇ, ರಾತ್ರಿಗೆ ಗಂಜಿ ಮಾತ್ರ ಉಂಟು" ಎಂದರು. "ಗಂಜಿಯೇ ಸಾಕು ಅಜ್ಜಿ, ಚಟ್ನಿ ಇದ್ದರೆ ಇನ್ನೂ ಒಳ್ಳೆಯದು" ಎಂದೆ. ಹೀಗೆ ಮೊದಲೇ ಹೇಳಿಬಿಡುವುದು ನನ್ನ ರೂಢಿ. ಇಲ್ಲವಾದರೆ ಬಡವರ ಮನೆಯಲ್ಲಿ ಮೊಟ್ಟೆಯಿಡುತ್ತಿರುವ ಕೋಳಿಯೇ ಅಯ್ಯನವರ ಪಾಲಾಗುತ್ತದೆ. ಮರುದಿನ ಅಡಿಕೆ ತೋಟದವರೊಬ್ಬರು ತಮ್ಮಲ್ಲಿ ಬೇರೆ ಕೋಣೆಯೂ ಬಚ್ಚಲೂ ಇವೆ, ಅಲ್ಲಿಗೆ ಬನ್ನಿ ಎಂದು ಪ್ರೀತಿಯಿಂದಲೇ ಕರೆದರು. ಅವರಲ್ಲಿ ಪ್ರಾರ್ಥನೆ ನಡೆಸಿ, ಚಹಾ ಕುಡಿದು, ಮಲಗಲು ಜಗಲಿಗೇ ಹಿಂದಿರುಗಿದೆ. ನಾನು ಹೊರಟುಹೋಗಿದ್ದರೆ ಅಜ್ಜಿಯ ಗಂಜಿ ಸಾಲದಾಯಿತು ಎಂದು ಊರೆಲ್ಲ ತಿಳಿಯುತ್ತಿತ್ತು.

ಸಂತೃಪ್ತಿಯೆಂದರೆ ಏನನ್ನೂ ಮುಟ್ಟದಿರುವುದು ಎಂದು ಕೆಲವು ಸೇವಕರು ಭಾವಿಸಿರುವುದನ್ನು ನಾನು ಒಪ್ಪುವುದಿಲ್ಲ. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎಂದು ಸೆರೆಯಲ್ಲಿದ್ದು ಬರೆದ ಅಪೊಸ್ತಲ ಪೌಲನು, ಫಿಲಿಪ್ಪಿ ಪಟ್ಟಣದ ಸಭೆಯವರು ತಮ್ಮ ದೂತನಾದ ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ್ದನ್ನು ಅದೇ ಪತ್ರದಲ್ಲಿ ಸಂತೋಷದಿಂದ ಸ್ವೀಕರಿಸಿದ್ದಾನೆ. ತಾನು ಕಾಣಿಕೆಯನ್ನು ಹುಡುಕುತ್ತಿಲ್ಲ ಎಂದೂ ಸ್ಪಷ್ಟಪಡಿಸಿದ್ದಾನೆ. ಆದುದರಿಂದ ಕೊಟ್ಟದ್ದನ್ನು ನಾನು ನಿರಾಕರಿಸುವುದಿಲ್ಲ, ಆದರೆ ಉಂಡ ಮನೆಯಲ್ಲಿ ನನ್ನ ಮಕ್ಕಳ ಶಾಲೆಯ ಫೀಸಿನ ಮಾತೆತ್ತುವುದೂ ಇಲ್ಲ.

ನಂಬಿಕೆಯ ವಿಷಯದಲ್ಲಿ ನಮ್ಮವರು 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದ ಜಾರ್ಜ್ ಮುಲ್ಲರ್ ಅವರ ಉದಾಹರಣೆ ಕೊಡುತ್ತಾರೆ. ಕೊರತೆಯನ್ನು ಅವರು ಮನುಷ್ಯರ ಮುಂದಿಡದೆ ದೇವರಿಗೆ ಮಾತ್ರ ತಿಳಿಸುತ್ತಿದ್ದುದು ನಿಜ, ಆದರೆ ಬಂದ ಹಣಕ್ಕೂ ಖರ್ಚಿಗೂ ಲೆಕ್ಕವನ್ನು ಅಚ್ಚು ಹಾಕಿಸುತ್ತಿದ್ದರು ಎಂಬುದನ್ನು ಸಾಕ್ಷಿ ಹೇಳುವವರು ಬಿಟ್ಟುಬಿಡುತ್ತಾರೆ. ದೇವರ ಮೇಲೆ ಭರವಸವಿಟ್ಟವನನ್ನು ಜನ ನಂಬಬೇಕಾದರೆ ಕಾಗದ ಬೇಕು. ಕೈಗೆ ಬಂದ ಹತ್ತು ರೂಪಾಯಿಯನ್ನೂ ನಾನು ಪುಸ್ತಕದಲ್ಲಿ ಬರೆಯುತ್ತೇನೆ, ತಿಂಗಳ ಕೊನೆಗೆ ಸಭೆಯ ಹಿರಿಯರೊಬ್ಬರು ನೋಡಿ ಸಹಿ ಹಾಕುತ್ತಾರೆ. ಮಳೆಗಾಲದಲ್ಲಿ ಕೂಲಿ ಕೆಲಸ ನಿಂತು ಕಾಣಿಕೆಯೂ ನಿಂತಾಗ ನನ್ನ ಹೆಂಡತಿಯ ಹೊಲಿಗೆ ಯಂತ್ರವೇ ಮನೆ ನಡೆಸುತ್ತದೆ. ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದವನೇ ಆದ್ದರಿಂದ ಇದನ್ನು ಅಪನಂಬಿಕೆ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಈಗ ನನ್ನೊಡನೆ ತಿರುಗುವ ತರುಣನಿಗೆ ಲೆಕ್ಕದ ಪುಸ್ತಕ ಒಪ್ಪಿಗೆಯಾಗಿದೆ, ಜಗಲಿ ಆಗಿಲ್ಲ. ಬಡವರ ಅಕ್ಕಿಗೆ ಭಾರವಾಗುವುದಕ್ಕಿಂತ ಉಳ್ಳವರಲ್ಲಿ ಉಳಿಯುವುದೇ ಕರುಣೆಯಲ್ಲವೇ ಅಣ್ಣ, ಎಂದು ಕೇಳುತ್ತಾನೆ. ಅಕ್ಕಿಯನ್ನು ನಾವೇ ಒಯ್ದು ಕೊಟ್ಟು ಅಲ್ಲೇ ಉಣ್ಣೋಣ ಎಂದಿದ್ದೇನೆ. ಅಜ್ಜಿ ಅದಕ್ಕೆ ಒಪ್ಪುತ್ತಾರೋ ಇಲ್ಲವೋ ಕೇಳಬೇಕಷ್ಟೆ.